ನಡುವಿನ ಡಬ್ಬವೂ ನನ್ನ ಸನ್ನಡತೆಯೂ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬವಿದೆ. ಅದನ್ನು ಇಳಿಸುವಾಗ ಒಳಗಿನಿಂದ ಲೊಟಲೊಟ ಸದ್ದು ಬರುತ್ತದೆ. ಒಳಗಿರುವುದು ಇನ್ನೊಂದು ಡಬ್ಬ, ಸಣ್ಣದು. ಮೂಲದಲ್ಲಿ ಇವು ಮೂರು: ದೊಡ್ಡದರೊಳಗೆ ನಡುವಿನದು, ನಡುವಿನದರೊಳಗೆ ಸಣ್ಣದು. ಮೂರೂ ಇದ್ದಾಗ ಸದ್ದೇ ಇರಲಿಲ್ಲ ಎಂದು ನನ್ನ ಅತ್ತೆ ಹೇಳುತ್ತಾರೆ. ನಡುವಿನದು ಕಾಣೆಯಾಗಿ ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ಸಣ್ಣದು ಖಾಲಿ ಬಸ್ಸಿನಲ್ಲಿ ಕೂತ ಒಬ್ಬನೇ ಪ್ರಯಾಣಿಕನ ಹಾಗೆ ಅತ್ತಿತ್ತ ಹೊಡೆದುಕೊಳ್ಳುತ್ತಿದೆ.

ಮೂರರ ಮೇಲೂ ‘ಗಿರಿಜ, ಕೊಟ್ಟಾರ’ ಎಂದು ಅತ್ತೆಯ ಹೆಸರು, ಮನೆಯಿರುವ ಜಾಗದ ಹೆಸರು ಕೆತ್ತಿಸಿದ್ದರು. ಸ್ಟೀಲ್ ಪಾತ್ರೆಗೆ ಹೆಸರು ಕೆತ್ತಿಸುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದೀತು. ಮದುವೆ, ಗೃಹಪ್ರವೇಶ ಎಂದು ಪಾತ್ರೆಗಳು ಮನೆಮನೆ ತಿರುಗುತ್ತವೆ; ಹೆಸರಿದ್ದರೆ ಮರಳಿ ಬರುತ್ತವೆ ಎಂಬ ನಂಬಿಕೆ. ನಾನು ಹುಟ್ಟಿದ್ದು ಕಡಲ ಬದಿಯ ಮೀನುಗಾರರ ಮನೆಯಲ್ಲಿ. ಅಲ್ಲಿ ಕೆತ್ತನೆ ಇರಲಿಲ್ಲ. ಅಪ್ಪನ ಬಲೆಯ ಅಂಚಿಗೆ ಒಂದು ನೀಲಿ ಚಿಂದಿ, ಅಮ್ಮನ ಮೀನಿನ ಬುಟ್ಟಿಗೆ ಅವಳದೇ ಒಂದು ಗಂಟು, ಅಷ್ಟೇ ಗುರುತು. ಆ ಗಂಟು ನೋಡಿ ಬುಟ್ಟಿ ಯಾರದೆಂದು ಹೇಳಬಲ್ಲವರು ನಮ್ಮ ಕೇರಿಯಿಂದ ಆಚೆ ಯಾರೂ ಇರಲಿಲ್ಲ. ಅತ್ತೆಯ ಡಬ್ಬವನ್ನಾದರೋ ಕನ್ನಡ ಓದಲು ಬರುವ ಯಾರು ಬೇಕಾದರೂ ಕೊಟ್ಟಾರಕ್ಕೆ ತಂದು ಮುಟ್ಟಿಸಬಹುದು. ನಡುವಿನದು ಮಾತ್ರ ಕನ್ನಡ ಬಾರದವರ ಕೈ ಸೇರಿತು. ಹೇಗೆ ಸೇರಿತು ಎಂಬುದು ನನ್ನೊಬ್ಬನಿಗೆ ಗೊತ್ತಿತ್ತು. ಅದನ್ನು ಬಾಯಿಬಿಡದೆ, ಅದೇ ಮನೆಯಲ್ಲಿ ಮನೆ ಅಳಿಯನಾಗಿ, ಅದೇ ಅತ್ತೆ ಬಡಿಸಿದ ಊಟ ಮಾಡಿಕೊಂಡು ನಾನು ಇದ್ದೆ. ಈ ವರ್ಷ ಒಂದು ಶಾಲೆ ಅದನ್ನು ಕೆದಕಿತು.

ನನಗೀಗ ಐವತ್ತನಾಲ್ಕು. ನಾನಿದ್ದ ಮೀನಿನ ಶೀತಲ ಗೋದಾಮು ಮುಚ್ಚಿದ ಮೇಲೆ ಆರು ತಿಂಗಳು ಮನೆಯಲ್ಲೇ ಕೂತಿದ್ದೆ. ಮನೆ ಅಳಿಯನಾದವನು ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಅದು ಕುರ್ಚಿಗೂ ಗೊತ್ತಾಗುತ್ತದೆ. ಅಷ್ಟರಲ್ಲಿ ಊರ ಹೊರಗಿನ ಒಂದು ವಸತಿ ಶಾಲೆಯಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿತು. ಅಕ್ಕಿ, ಬೇಳೆ, ಸಾಬೂನು ಕಾಯುವ ಕೆಲಸ. ಎಲ್ಲ ಮಾತಾದ ಮೇಲೆ ಕಚೇರಿಯ ಮೇಡಂ ಒಂದು ಹಾಳೆ ಮುಂದಿಟ್ಟರು.

“ಹದಿನೆಂಟು ತುಂಬಿದ ಮೇಲೆ ಆರು ತಿಂಗಳಿಗಿಂತ ಹೆಚ್ಚು ಯಾವ ಯಾವ ದೇಶದಲ್ಲಿ ಇದ್ರಿ, ಅಲ್ಲಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು ಸರ್. ಎರಡು ತಿಂಗಳು ಟೈಮ್ ಉಂಟು.”

“ಸ್ಟೋರಿಗೆ ಮಕ್ಕಳು ಬರ್ತಾರಾ ಮೇಡಂ?”

“ಇಲ್ಲ, ಮಕ್ಕಳಿಗೆ ಅಲ್ಲಿಗೆ ಪ್ರವೇಶ ಇಲ್ಲ.”

“ಮತ್ತೆ?”

“ಪಾಲಿಸಿ ಸರ್.”

ಕೊಲ್ಲಿಯ ಒಂದು ದೇಶದಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಸರ್ಟಿಫಿಕೇಟು ಕೊಟ್ಟಾಗಿದೆ ನಿಜ, ಆದರೆ ಕೊಟ್ಟದ್ದನ್ನು ವಾಪಸು ಪಡೆಯುವ ಕ್ರಮವೂ ಇರಬಹುದು ಎಂಬ ಹೆದರಿಕೆ ನನಗಿದೆ.

ಇಂಥ ಕಾಗದ ಮಾಡಿಸಿಕೊಡುವ ಅಶ್ರಫ್ ಎಂಬವರ ಅಂಗಡಿ ಪಂಪ್‌ವೆಲ್‌ನಲ್ಲಿ, ಫ್ಲೈಓವರಿನ ನೆರಳು ಮಧ್ಯಾಹ್ನದ ಮೇಲೆ ಬೀಳುವ ಕಡೆ ಇದೆ. ವರ್ಷಗಟ್ಟಲೆ ಎಳೆದ ಆ ಫ್ಲೈಓವರ್ ಕೊನೆಗೂ ಮುಗಿದದ್ದನ್ನು ಕಣ್ಣಾರೆ ಕಂಡ ನಮ್ಮ ಊರಿನವರಿಗೆ ಯಾವ ಕಾಗದಕ್ಕೂ ಕಾಯುವ ತಾಳ್ಮೆ ತಾನಾಗಿ ಬಂದಿದೆ. ಅಶ್ರಫ್ ನನ್ನ ಹಳೆಯ ಪಾಸ್‌ಪೋರ್ಟನ್ನು ಮೂಸಿ ನೋಡಿದರು. ಮೂಸಿದ್ದು ನಿಜ. ಹಳೆಯ ಪಾಸ್‌ಪೋರ್ಟಿಗೆ ಮೀನಿನ ವಾಸನೆ ಇತ್ತು.

“ನೋಡಿ ಅಣ್ಣ, ಇಲ್ಲಿ ನಿಮ್ಮ ಹತ್ತು ಬೆರಳು ಒತ್ತಬೇಕು. ಅದಕ್ಕೆ ಬೆಂಗಳೂರಲ್ಲಿ ಸೀಲ್, ದಿಲ್ಲಿಯಲ್ಲಿ ಸೀಲ್, ಎಂಬೆಸಿಯಲ್ಲಿ ಸೀಲ್. ಮತ್ತೆ ಅಲ್ಲಿಗೆ ಹೋಗ್ತದೆ. ಅಲ್ಲಿ ಒಬ್ಬರು ನಿಮ್ಮ ಜನ ಹಿಡ್ಕೊಂಡು ಹೋಗಿ ಕೊಡಬೇಕು.”

“ನಾನು ಏನೂ ಮಾಡಿಲ್ಲ ಅಂತ ಹೇಳೋದಕ್ಕೆ ಇಷ್ಟು ಸೀಲಾ?”

“ಏನಾದರೂ ಮಾಡಿದ್ದರೆ ಸುಲಭ ಇತ್ತು ಮಾರ್ರೆ. ಫೈಲ್ ಇರ್ತದೆ, ತೆಗೆದು ನೋಡ್ತಾರೆ. ಏನೂ ಮಾಡದವರದ್ದು ಹುಡುಕೋದೇ ಕಷ್ಟ.” ಅವರು ನಗದೆ ಹೇಳಿದರು. ಆಮೇಲೆ ಪೆನ್ನು ಎತ್ತಿಕೊಂಡು ಕೇಳಿದರು: “ಕೇಸು ಗೀಸು ಎಂತದಾದರೂ ಉಂಟಾ ಅಲ್ಲಿ?”

“ಇಲ್ಲ” ಎಂದೆ. ಹೇಳಲು ಸುಮಾರು ನಾಲ್ಕು ಸೆಕೆಂಡು ತಡವಾಯಿತು. ಅಶ್ರಫ್ ಪೆನ್ನನ್ನು ಹಾಗೆಯೇ ಹಿಡಿದುಕೊಂಡರು.

“ಅಲ್ಲಿ ಕೊಡ್ಲಿಕ್ಕೆ ಯಾರುಂಟು?”

ಅಲ್ಲಿ ನನಗೆ ಇದ್ದ ಜನ ಒಬ್ಬನೇ, ದಿನೇಶ. ನನ್ನ ಅತ್ತೆಯ ತಮ್ಮನ ಮಗ. ಲೋಕದಲ್ಲಿ ಯಾವ ಒಬ್ಬ ಮನುಷ್ಯನ ಕೈಗೆ ನನ್ನ ಪೊಲೀಸ್ ಫೈಲ್ ಸಿಗಬಾರದಿತ್ತೋ ಆ ಮನುಷ್ಯ.

ಅದು ಯಾಕೆ ಎಂದು ಹೇಳಬೇಕಾದರೆ ಡಬ್ಬಕ್ಕೆ ಮರಳಬೇಕು. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಒಮ್ಮೆ ಹೇಳಿಕೆ ಕೊಟ್ಟು ಪಟ್ಟದ್ದು ಸಾಕಾಗಿದೆ.

ಗಲ್ಫಿಗೆ ಮರಳುವವನ ಪೆಟ್ಟಿಗೆ ಅವನದಲ್ಲ, ಇದು ನಮ್ಮ ಕಡೆ ಎಲ್ಲರಿಗೂ ತಿಳಿದ ವಿಷಯ. ಅವನ ಬಟ್ಟೆ ಮೂರು ಜೊತೆ; ಉಳಿದದ್ದು ಊರವರ ಉಪ್ಪಿನಕಾಯಿ, ಹಪ್ಪಳ, ಒಣ ಸಿಗಡಿ, ಯಾರದೋ ಬೆನ್ನುನೋವಿನ ಎಣ್ಣೆ. ಹತ್ತೊಂಬತ್ತು ವರ್ಷದ ಹಿಂದೆ ರಜೆ ಮುಗಿಸಿ ಹೊರಟಾಗ ಅತ್ತೆ ದಿನೇಶನಿಗೆಂದು ಕೋಳಿಸಾರಿನ ಮಸಾಲೆ ಹುರಿದು ಪುಡಿಮಾಡಿ ಪೊಟ್ಟಣ ಕಟ್ಟಿದರು. ಗಸಗಸೆಯನ್ನು ಪುಡಿಗೆ ಬೆರೆಸಲಿಲ್ಲ. ಬೆರೆಸಿದರೆ ಬೇಗ ಮುಗ್ಗಾಗುತ್ತದೆ, ತೆಂಗಿನಕಾಯಿಯೊಟ್ಟಿಗೆ ಆಗಿಂದಾಗ ಅರೆಯಬೇಕು ಎಂಬುದು ಅವರ ಶಾಸ್ತ್ರ. ಅದಕ್ಕಾಗಿ ಗಸಗಸೆಯನ್ನು ಬೇರೆಯೇ ಬೆಚ್ಚಗೆ ಮಾಡಿ, ನಡುವಿನ ಡಬ್ಬದಲ್ಲಿ ತುಂಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟರು. “ಡಬ್ಬ ಮಾತ್ರ ವಾಪಸು ತಾ” ಎಂದರು.

ಆ ದೇಶದಲ್ಲಿ ಗಸಗಸೆ ಅಫೀಮಿನ ಬೀಜ. ನಮ್ಮಲ್ಲಿ ಪಾಯಸವಾಗುವ ಆ ವಸ್ತು ಅಲ್ಲಿ ಜೈಲಾಗುತ್ತದೆ. ಅದು ನನಗೆ ಗೊತ್ತಿರಲಿಲ್ಲ ಎಂದರೆ ಪೂರ್ತಿ ಸತ್ಯವಲ್ಲ. ಯಾರೋ ಹೇಳಿದ್ದನ್ನು ಕೇಳಿದ್ದೆ. ಆದರೆ ಅತ್ತೆ ಬಟ್ಟೆ ಕಟ್ಟಿ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ನನಗೆ ಆ ದೇಶದ ಕಾನೂನಿಗಿಂತ ಕೊಟ್ಟಾರದ ಕಾನೂನಿನ ಭಯ ಹೆಚ್ಚಿತ್ತು.

ವಿಮಾನ ನಿಲ್ದಾಣದ ಯಂತ್ರದಲ್ಲಿ ನನ್ನ ಪೆಟ್ಟಿಗೆಯ ನಡುವೆ ಒಂದು ಕಪ್ಪು ವೃತ್ತ ಕಾಣಿಸಿತು. ಬೆಳಗ್ಗೆ ಒಂಬತ್ತಕ್ಕೆ ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಯಾರೂ ಹೊಡೆಯಲಿಲ್ಲ, ಗದರಲಿಲ್ಲ. ಹಾಲಿಲ್ಲದ ಚಹಾ ಕೊಟ್ಟರು, ಒಂದು ಬನ್ ಕೊಟ್ಟರು. ಅಧಿಕಾರಿ ಮೇಜಿನ ಮೇಲಿದ್ದ ಡಬ್ಬವನ್ನು ನಿಧಾನವಾಗಿ ತಿರುಗಿಸಿ ಕೆತ್ತನೆಯನ್ನು ಕಂಡ. ಪಕ್ಕದಲ್ಲಿ ಒಬ್ಬ ಮಲಯಾಳಿ ದುಭಾಷಿ ಇದ್ದ.

“ಇದರಲ್ಲಿ ಎಂತ ಬರೆದಿದೆ ಎಂದು ಕೇಳ್ತಾರೆ.”

“ಹೆಸರು” ಎಂದೆ.

“ನಿನ್ನ ಹೆಸರಾ?”

“ಅಲ್ಲ” ಎಂದೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆಮೇಲೆ, ಯಾರೂ ಕೇಳದೆಯೇ, “ನನ್ನ ಅತ್ತೆಯದ್ದು” ಎಂದೆ. ಆಮೇಲೆ, ಅದನ್ನೂ ಯಾರೂ ಕೇಳದೆ, “ಗಿರಿಜ” ಎಂದೆ. ದುಭಾಷಿ ಅದನ್ನು ಅರಬ್ಬಿಗೆ ತಿರುಗಿಸುತ್ತಿರುವಾಗಲೇ “ಕೊಟ್ಟಾರ” ಎಂದೂ ಸೇರಿಸಿದೆ. ಕೇಳಿದ್ದರೆ ಮನೆಗೆ ಬರುವ ದಾರಿಯನ್ನೂ ಹೇಳುತ್ತಿದ್ದೆ.

ನಾಲ್ಕು ಗಂಟೆಗೆ ಒಂದು ಹಾಳೆ ತಂದರು. ಬಲದಿಂದ ಎಡಕ್ಕೆ ಹದಿನಾಲ್ಕು ಸಾಲು. ಎಣಿಸಿದ್ದೆ, ಓದಲು ಬರುತ್ತಿರಲಿಲ್ಲ. ಮೂರು ಕಡೆ ಸಹಿ ಹಾಕಿಸಿಕೊಂಡು, ಹತ್ತು ಬೆರಳು ಒತ್ತಿಸಿಕೊಂಡು, ಹೋಗು ಎಂದರು. ಯಾಕೆ ಬಿಟ್ಟರೆಂದು ನಾನು ಕೇಳಲಿಲ್ಲ. ಡಬ್ಬ ಅಲ್ಲಿಯೇ ಉಳಿಯಿತು.

ಇದುವರೆಗೆ ನನ್ನದು ಅಂಜುಬುರುಕತನ. ತಪ್ಪು ಶುರುವಾದದ್ದು ಆಮೇಲೆ. ಮಸಾಲೆಯ ಪೊಟ್ಟಣವನ್ನೂ ಹೆದರಿ ಕಸಕ್ಕೆ ಹಾಕಿ, ದಿನೇಶನಿಗೆ “ಮಾಮಿ ಈ ಸಲ ಏನೂ ಕಳಿಸಲಿಲ್ಲ” ಎಂದೆ. ಅತ್ತೆಯನ್ನು ನಾವಿಬ್ಬರೂ ಮಾಮಿ ಎಂದೇ ಕರೆಯುವುದು. ಮನೆಗೆ ಫೋನು ಮಾಡಿ “ಎಲ್ಲ ದಿನೇಶನಿಗೆ ಕೊಟ್ಟೆ, ಡಬ್ಬವೂ ಅವನಲ್ಲೇ ಉಂಟು” ಎಂದೆ. ಎರಡು ಸಣ್ಣ ಸುಳ್ಳು. ಒಂದು ಆ ಕಡೆಗೆ, ಒಂದು ಈ ಕಡೆಗೆ. ಅವು ನಡುವೆ ಎಲ್ಲೂ ಭೇಟಿಯಾಗಲಾರವು ಎಂದು ಲೆಕ್ಕ ಹಾಕಿದ್ದೆ.

ಅವು ಭೇಟಿಯಾಗಲಿಲ್ಲ ನಿಜ. ಅತ್ತೆ ಬಾಯಿಬಿಟ್ಟು ಡಬ್ಬ ಕೇಳುವವರಲ್ಲ. ದಿನೇಶ ಬಾಯಿಬಿಟ್ಟು ಮಸಾಲೆ ಕೇಳುವವನಲ್ಲ. ಅವನು ಮುಂದಿನ ರಜೆಯಲ್ಲಿ ಬರಿಗೈಯಲ್ಲಿ ಮನೆಗೆ ಬಂದ. ಅಂದಿನಿಂದ ಅತ್ತೆ ಅವನಿಗೆ ಚಹಾ ಕೊಡುವುದು ಗಾಜಿನ ಲೋಟದಲ್ಲಿ, ಊಟ ಬಾಳೆಲೆಯಲ್ಲಿ. ಮನೆಗೆ ಬಂದ ಉಳಿದವರಿಗೆಲ್ಲ ‘ಗಿರಿಜ, ಕೊಟ್ಟಾರ’ ಎಂದು ಕೆತ್ತಿದ ಸ್ಟೀಲ್ ಲೋಟ. ಅವನ ಕೈಗೆ ಮಾತ್ರ ಸ್ಟೀಲ್ ಕೊಡುವುದಿಲ್ಲ. ಒಮ್ಮೆ ನನ್ನ ಹೆಂಡತಿ ಶಶಿ ಮರೆತು ಅವನ ಮುಂದೆ ಸ್ಟೀಲ್ ತಟ್ಟೆ ಇಟ್ಟಾಗ ಅತ್ತೆ ಊಟ ಮುಗಿಯುವವರೆಗೂ ಆ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಎದುರಿಗೇ ಕೂತು ನನ್ನ ತಟ್ಟೆಯಲ್ಲಿ ತಲೆತಗ್ಗಿಸಿ ಉಣ್ಣುತ್ತಿದ್ದೆ.

ಹೀಗಿರುವಾಗ, ಆ ಹದಿನಾಲ್ಕು ಸಾಲಿನ ಹಾಳೆ ಫೈಲಿನಲ್ಲಿ ಉಳಿದಿದ್ದರೆ ಮೂರು ಸಂಗತಿಗಳಾಗುತ್ತವೆ. ಶಾಲೆಯ ಕೆಲಸ ಹೋಗುತ್ತದೆ. ಇಪ್ಪತ್ತೈದು ವರ್ಷ ಅಲ್ಲಿದ್ದು ಅರಬ್ಬಿ ಓದಲು ಕಲಿತ ದಿನೇಶ ಅದನ್ನು ಓದುತ್ತಾನೆ. ಮೂರನೆಯದು ಅತ್ತೆ. ಅದರ ಮುಂದೆ ನಾನು ಯೋಚಿಸಲಿಲ್ಲ.

ಬೆರಳು ಒತ್ತಲು ಪೊಲೀಸ್ ಕಚೇರಿಗೆ ಹೋದೆ. ಶಾಯಿ ಸವರಿದ ಗಾಜಿನ ಮೇಲೆ ಪೇದೆ ನನ್ನ ಬೆರಳನ್ನು ಹಿಡಿದು ಉರುಳಿಸಿದರು.

“ಕೈ ಲೂಸ್ ಬಿಡಿ ಮಾರಾಯ್ರೆ. ಗಟ್ಟಿ ಹಿಡಿದರೆ ಬರೋದಿಲ್ಲ.”

“ಲೂಸೇ ಉಂಟು ಸಾರ್.”

“ಇದು ಲೂಸಾ? ಕಳ್ಳರು ಎಷ್ಟು ಚೆಂದ ಕೊಡ್ತಾರೆ. ಒಳ್ಳೆಯವರದ್ದೇ ಕಿರಿಕಿರಿ, ಅಭ್ಯಾಸ ಇರೋದಿಲ್ಲ.” ಎಡಗೈಯ ತೋರುಬೆರಳಿಗೆ ಬಂದಾಗ ಅವರು ನಿಂತರು. “ಇಲ್ಲಿ ಗೆರೆ ತುಂಡಾಗಿದೆಯಲ್ಲ, ಇದು ಎಂತ?”

“ಪಚ್ಚಿಲೆ ಸಾರ್. ಸಣ್ಣದಿರುವಾಗ ಬಂಡೆಯಿಂದ ಕೀಳಲಿಕ್ಕೆ ಹೋಗಿ ಚಿಪ್ಪು ತಾಗಿದ್ದು.”

ಪೇದೆ ಅಂದು ಮೊದಲ ಸಲ ನನ್ನ ಮುಖ ನೋಡಿದರು. ಪಚ್ಚಿಲೆ ಎಂಬ, ಸಾರಿಗೆ ಬಲು ರುಚಿಯಾದ ಹಸಿರು ಚಿಪ್ಪಿನ ಹೆಸರು ಹೇಳಿದರೆ ನಮ್ಮ ಊರಲ್ಲಿ ಯಾವ ಕಚೇರಿಯೂ ಒಂದು ನಿಮಿಷ ನಿಲ್ಲುತ್ತದೆ. “ಈಗ ಎಲ್ಲಿ ಸಿಗ್ತದೆ ಒಳ್ಳೆದು?” ಎಂದು ಕೇಳಿದರು. ಹೇಳಿದೆ. ನನ್ನ ಬಾಲ್ಯದ ಆ ಗಾಯ ಹಾಳೆಯ ಮೇಲೆ ಬಿಳಿ ಗೆರೆಯಾಗಿ ಮೂಡಿತು. ಅಪ್ಪ ಬಲೆಗೆ ಕಟ್ಟಿದ ಚಿಂದಿಯ ಹಾಗೆ, ಇದು ಇವನದ್ದು ಎಂಬ ಗುರುತು. ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿ ಒತ್ತಿದ ಹಾಳೆಯಲ್ಲೂ ಇದೇ ಬಿಳಿ ಗೆರೆ ಇದ್ದೀತು ಎಂದು ಹೊಳೆದಾಗ ಕೈ ಮತ್ತೆ ಗಟ್ಟಿಯಾಯಿತು. “ನೋಡಿ, ಪುನಃ” ಎಂದರು ಪೇದೆ.

ಶಾಯಿ ಸಾಬೂನಿಗೆ ಹೋಗಲಿಲ್ಲ. ಹತ್ತು ಕಪ್ಪು ಬೆರಳುಗಳಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಿದ್ದೆ. ಕೊಟ್ಟಾರದ ಒಬ್ಬ ಪರಿಚಯದವರು ಸೀಟಿನಲ್ಲಿ ಕೂತು ಕೈಯನ್ನು ಒಂದು ಸ್ಟಾಪ್ ಪೂರ್ತಿ ನೋಡಿದರು. “ವೋಟು ಹಾಕಿ ಬಂದದ್ದಾ ಹರೀಶಣ್ಣ?” ಎಂದರು. “ಹತ್ತು ಪಾರ್ಟಿಗೂ?”

ಮನೆಯಲ್ಲಿ ಅತ್ತೆ ತೆಂಗಿನೆಣ್ಣೆ ತಂದುಕೊಟ್ಟರು. “ಅಲ್ಲಿ ನೀನು ಎಂತ ಮಾಡಿದ್ದಿ ಅಂತ ಇವರಿಗೆ ಈಗ ಬೆರಳು?” ಎಂದು ಕೇಳಿದರು.

“ಎಂತದೂ ಇಲ್ಲ ಮಾಮಿ.”

“ದಿನೇಶನಿಗೂ ಒಂದು ಮಾಡಿಸಬೇಕಿತ್ತು” ಎಂದರು. ಶಶಿ ನಕ್ಕಳು. ನಾನು ಎಣ್ಣೆ ಉಜ್ಜಿದೆ.

ಕಾಗದ ಎಲ್ಲ ಸೀಲುಗಳನ್ನು ಹೊತ್ತು ಸಮುದ್ರ ದಾಟಲು ಐದು ವಾರ ಹಿಡಿಯಿತು. ದಿನೇಶ ಅರ್ಧ ದಿನ ರಜೆ ಹಾಕಿ ಕೊಟ್ಟು ಬಂದು ಫೋನು ಮಾಡಿದ. “ಕೊಟ್ಟೆ ಭಾವ. ಹಳೆಯ ಹೆಸರುಗಳೆಲ್ಲ ಬೇರೆ ಕಡೆ ಉಂಟಂತೆ, ಹುಡುಕಬೇಕಂತೆ. ಒಬ್ಬ ಒಳಗೆ ಹೋಗಿ ತುಂಬ ಹೊತ್ತು ಬರಲೇ ಇಲ್ಲ. ಎಂತ ಹುಡುಕೋದು?” ನನಗೂ ಗೊತ್ತಿಲ್ಲ ಎಂದೆ. ಆ ಹತ್ತು ದಿನ ನಾನು ಊಟದ ತಟ್ಟೆಯ ಅಂಚಿನ ಕೆತ್ತನೆಯನ್ನು ಅನ್ನದಿಂದ ಮುಚ್ಚಿ ಉಂಡೆ.

ಹನ್ನೊಂದನೆಯ ದಿನ ಫೋನಿಗೆ ಚಿತ್ರ ಬಂತು. ಹದ್ದಿನ ಮುದ್ರೆಯ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಮೇಲ್ಕಂಡ ವ್ಯಕ್ತಿಯ ಬಗ್ಗೆ ಯಾವ ದಾಖಲೆಯೂ ಕಂಡುಬಂದಿಲ್ಲ.

ಮೊದಲು ಉಸಿರು ಬಂತು. ಅರ್ಧ ಗಂಟೆಯ ಮೇಲೆ ಸ್ವಲ್ಪ ಅವಮಾನವೂ ಆಯಿತು. ನನ್ನ ಜೀವಮಾನದ ಅತಿ ದೊಡ್ಡ ಹೆದರಿಕೆ, ಹದಿನಾಲ್ಕು ಸಾಲು, ಮೂರು ಸಹಿ, ಅವರಲ್ಲಿ ಅದಕ್ಕೊಂದು ಚೀಟಿಯೂ ಉಳಿದಿಲ್ಲ. ಸಂಜೆಯ ಹೊತ್ತಿಗೆ ಮೂರನೆಯ ಯೋಚನೆ ಬಂತು. ಡಬ್ಬದ ಮೇಲೆ ಹೆಸರು ಯಾರದಿತ್ತು? ನನ್ನ ಹೆಸರು ಶುದ್ಧವಾಗಿರುವುದು ನಾನು ಬೇರೊಬ್ಬರ ಹೆಸರು ಕೊಟ್ಟದ್ದರಿಂದ ಇರಬಹುದೇ? ‘ಗಿರಿಜ, ಕೊಟ್ಟಾರ’ ಎಂಬ ಫೈಲೊಂದು ಆ ದೇಶದಲ್ಲಿ ಇರಬಹುದೇ?

ದಿನೇಶ ಅದೇ ತಿಂಗಳು ರಜೆಗೆ ಬರುವವನಿದ್ದ, ಅಸಲು ಕಾಗದವನ್ನು ತಾನೇ ಹಿಡಿದು ತಂದ. ಪ್ಲಾಸ್ಟಿಕ್ ಹೊದಿಕೆಯಲ್ಲಿ, ಮಡಿಸದೆ, ಎದೆಗೆ ಒತ್ತಿಕೊಂಡು ತಂದಿದ್ದ. ಅತ್ತೆ ನನಗೆ ಸ್ಟೀಲ್ ಲೋಟದಲ್ಲಿ ಚಹಾ ಇಟ್ಟರು, ಅವನಿಗೆ ಗಾಜಿನದರಲ್ಲಿ. ಬಿಸಿಗೆ ಹಿಡಿಯಲಾಗದೆ ಅವನು ಲೋಟವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ಬಹಳ ವರ್ಷಗಳ ಅಭ್ಯಾಸ ಎಂಬುದು ಸುತ್ತುವ ರೀತಿಯಲ್ಲೇ ತಿಳಿಯುತ್ತಿತ್ತು.

ಆ ಕರವಸ್ತ್ರ ನೋಡಿ ನಾನು ಹೇಳಿದೆ. ಧೈರ್ಯ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ತೆರೆದದ್ದು ನೆನಪಿದೆ. ಯಂತ್ರದ ಕಪ್ಪು ವೃತ್ತದಿಂದ ಹಿಡಿದು ಎರಡು ಫೋನಿನವರೆಗೆ ಎಲ್ಲ ಹೇಳಿದೆ. ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿರುವ ಅನುವಾದದ ಹೊಣೆ ನನ್ನದು.

ಮೊದಲು ಮಾತಾಡಿದವನು ದಿನೇಶ.

“ಹಾಗಾದರೆ ಆ ವರ್ಷ ಮಾಮಿ ಕಳಿಸಿದ್ರಾ?”

“ಕಳಿಸದೆ?” ಎಂದರು ಅತ್ತೆ. “ಎರಡು ದಿನ ಹುರಿದದ್ದು ನಾನು. ಕೈಗೆ ಬೊಬ್ಬೆ ಬಂದಿತ್ತು.”

“ನೀವು ಮರೆತ್ರಿ ಅಂತ ನಾನು ಎಣಿಸಿದ್ದೆ.”

“ನೀನು ಕದ್ದಿ ಅಂತ ನಾನು ಎಣಿಸಿದ್ದೆ.”

ದಿನೇಶ ತನ್ನ ಕೈಯ ಲೋಟವನ್ನು ನೋಡಿದ, ನನ್ನ ಲೋಟವನ್ನು ನೋಡಿದ. “ಅದಕ್ಕಾ ಇದು? ದುಬಾರಿ ಗಾಜು, ಫಾರಿನಿನಿಂದ ಬಂದವ ಅಂತ ಮರ್ಯಾದೆಗೆ ಕೊಡೋದು ಅಂತ ನಾನು ಎಣಿಸಿದ್ದೆ. ನನ್ನ ಹೆಂಡತಿಗೂ ಹಾಗೆಯೇ ಹೇಳಿದ್ದೇನೆ.”

ಶಶಿ ಒಳಗೆ ಹೋದಳು. ಅವಳು ನಗಲು ಹೋದಳೋ ನನ್ನ ಮುಖ ನೋಡಲಾಗದೆ ಹೋದಳೋ ನಾನು ಇದುವರೆಗೂ ವಿಚಾರಿಸಿಲ್ಲ.

“ಮಾಮಿ, ನೀವು ಮಾತ್ರ ಆ ಕಡೆ ಬರ್ಬೇಡಿ,” ಎಂದ ದಿನೇಶ. “ಭಾವ ನಿಮ್ಮ ಹೆಸರು, ಊರು ಎಲ್ಲ ಕೊಟ್ಟು ಬಂದಿದ್ದಾರೆ.”

“ನಾನು ಯಾಕೆ ಬರ್ಲಿ? ಡಬ್ಬ ಬರ್ಲಿ.” ಅತ್ತೆ ಸರ್ಟಿಫಿಕೇಟನ್ನು ಕೈಗೆತ್ತಿಕೊಂಡು ದೂರ ಹಿಡಿದು ನೋಡಿದರು. “ಇದರಲ್ಲಿ ಡಬ್ಬದ ವಿಷಯ ಎಂತ ಬರೆದಿದ್ದಾರೆ?”

“ಏನೂ ಇಲ್ಲ ಮಾಮಿ.”

“ಇಷ್ಟು ಸೀಲ್ ಹಾಕಿ ಅಷ್ಟು ನೋಡ್ಲಿಲ್ವಾ? ಹೆಸರು ಹೇಳಿ ಬಂದದ್ದು ಒಳ್ಳೆಯದೇ ಆಯಿತು, ಯಾರದ್ದು ಅಂತ ಅವರಿಗೆ ಗೊತ್ತುಂಟು. ಈಗ ನಿನ್ನ ಹತ್ತಿರ ಒಳ್ಳೆಯವ ಅಂತ ಕಾಗದ ಉಂಟಲ್ಲ, ಒಂದು ಪತ್ರ ಬರೆದು ಕೇಳು.”

ಅವರು ಸಿಟ್ಟಾಗಲಿಲ್ಲ. ಎದ್ದು ದಿನೇಶನ ಕರವಸ್ತ್ರದಿಂದ ಗಾಜಿನ ಲೋಟವನ್ನು ಬಿಡಿಸಿಕೊಂಡು ಒಳಗೆ ಹೋದರು. ಸ್ಟೀಲ್ ಲೋಟದಲ್ಲಿ ಹೊಸ ಚಹಾ ತಂದು, ಕೆತ್ತನೆ ಅವನ ಕಡೆಗೆ ಬರುವ ಹಾಗೆ ತಿರುಗಿಸಿ ಇಟ್ಟರು. ಆಮೇಲೆ ನನ್ನ ಮುಂದಿದ್ದ, ಅರ್ಧ ಕುಡಿದ ಲೋಟವನ್ನು ಎತ್ತಿಕೊಂಡು ಹೋದರು.

ಶಾಲೆಯವರಿಗೆ ಕಾಗದ ಮೆಚ್ಚುಗೆಯಾಯಿತು. ಕೆಲಸಕ್ಕೆ ಸೇರಿದ ದಿನ ನಾನು ಪರಿಶೀಲಿಸಿದ ಮೊದಲ ಸಾಮಾನು ಪಟ್ಟಿಯಲ್ಲಿ, ಸಕ್ಕರೆಯ ಕೆಳಗೆ, ಹಬ್ಬದ ಪಾಯಸಕ್ಕೆಂದು ಗಸಗಸೆ ಇತ್ತು. ಎರಡು ಸಲ ನೋಡಿ ಸಹಿ ಹಾಕಿದೆ. ಆ ದೇಶಕ್ಕೆ ನನ್ನ ಮೇಲೆ ಯಾವ ದೂರೂ ಇಲ್ಲ, ಶಾಲೆಗೂ ಇಲ್ಲ.

ಮನೆಯಲ್ಲಿ ನಾನೀಗ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತೇನೆ, ಬಾಳೆಲೆಯಲ್ಲಿ ಉಣ್ಣುತ್ತೇನೆ. ಲೋಟವನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿಯುವ ಕ್ರಮವನ್ನು ದಿನೇಶ ಹೊರಡುವ ಮೊದಲು ತೋರಿಸಿಕೊಟ್ಟು ಹೋದ. ಇದು ಎಷ್ಟು ಕಾಲ ಎಂದು ನಾನು ಅತ್ತೆಯನ್ನು ಕೇಳಿಲ್ಲ. ಅವನದು ಹತ್ತೊಂಬತ್ತು ವರ್ಷವಾಗಿತ್ತು. ನನ್ನದು ಈಗ ಮೂರನೆಯ ತಿಂಗಳು.